ತಾರೀಖಿನ ಊರು

ನಮ್ಮ ತಿಮ್ಮಾಪುರದ ಹಿರಿಯರು ಬಿಜಾಪುರಕ್ಕೆ ಹೋಗುತ್ತಿದ್ದದ್ದು ಗುಮ್ಮಟ ನೋಡಲಿಕ್ಕಲ್ಲ. ಹೊಲದ ತಕರಾರು, ಜಿಲ್ಲಾ ಕೋರ್ಟಿನ ತಾರೀಖು, ಕಲೆಕ್ಟರ್ ಕಚೇರಿಗೆ ಅರ್ಜಿ, ಜೈಲಿನಲ್ಲಿದ್ದ ಬಂಧುವಿನ ಭೇಟಿ, ದೊಡ್ಡ ದವಾಖಾನೆ, ಇವುಗಳಲ್ಲಿ ಒಂದಾದರೂ ಇರದೆ ಯಾರೂ ಆ ದಾರಿ ಹಿಡಿಯುತ್ತಿರಲಿಲ್ಲ. ‘ಜಿಲ್ಲಾಕ್ಕ ಹೊಂಟೀನಿ’ ಅಂದರೆ ಸಾಕು, ಊರಿನ ಹೆಸರು ಹೇಳಬೇಕಿರಲಿಲ್ಲ. ಹಗಲೆಲ್ಲ ಕಚೇರಿಯ ಕಟ್ಟೆಯ ಮೇಲೆ ಕೂತು, ಸಂಜೆ ಬಸ್ಸಿಗೆ ಓಡುವಾಗ ಕಣ್ಣಿಗೆ ಬಿದ್ದಷ್ಟು ಗುಮ್ಮಟ, ಬಿದ್ದಷ್ಟು ಕಮಾನು. ಆದರೂ ಅವರಿಗೆ ಬಿಜಾಪುರ ಗೊತ್ತಿದ್ದಷ್ಟು ಇವತ್ತು ಮೊಬೈಲು ಹಿಡಿದು ಎಲ್ಲ ಗೋರಿಗಳನ್ನೂ ಸುತ್ತಿ ಬರುವ ನಮಗೆ ಗೊತ್ತಿಲ್ಲ. ಹಳೆಯದರ ಮೋಹದಿಂದ ಈ ಮಾತು ಹೇಳುತ್ತಿಲ್ಲ. ಆ ತಿರುಗಾಟ ಎಷ್ಟು ಕಷ್ಟದ್ದಾಗಿತ್ತು ಎಂಬುದನ್ನು ಕಣ್ಣಾರೆ ಕಂಡವನು ನಾನು.

ನಮ್ಮ ಮುಧೋಳ ಸೀಮೆಗೆ ಬಿಜಾಪುರ ಜಿಲ್ಲಾ ಊರಾಗಿದ್ದದ್ದು ಅರ್ಧ ಶತಮಾನಕ್ಕಿಂತ ಸ್ವಲ್ಪ ಕಡಿಮೆ. ಅದಕ್ಕೂ ಮೊದಲು ಮುಧೋಳ ಘೋರ್ಪಡೆಯವರ ಸಂಸ್ಥಾನ, ಜಮಖಂಡಿ ಪಟವರ್ಧನರ ಸಂಸ್ಥಾನ. 1948ರಲ್ಲಿ ಎರಡೂ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗಿ ಬಿಜಾಪುರ ಜಿಲ್ಲೆಗೆ ಸೇರಿದವು. 1956ರಲ್ಲಿ ಆ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ಮುಧೋಳ, ಜಮಖಂಡಿ, ಬೀಳಗಿ ಮೂರೂ ಇತ್ತ ಬಂದವು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ನಮ್ಮ ಅಪ್ಪನ ತಲೆಮಾರಿನವರು ಹುಟ್ಟಿದ್ದು ರಾಜರ ಆಳಿಕೆಯಲ್ಲಿ, ದಾವೆ ಹೂಡಿದ್ದು ಬಿಜಾಪುರದಲ್ಲಿ, ಪೆನ್ಶನ್ನಿಗೆ ಅರ್ಜಿ ಕೊಟ್ಟಿದ್ದು ಬಾಗಲಕೋಟೆಯಲ್ಲಿ. ಊರು ಬಿಟ್ಟು ಕದಲದವರ ಬಾಳಿನಲ್ಲೂ ಇಷ್ಟು ಸರಕಾರ ಬಂದು ಹೋದವು.

ಎಪ್ಪತ್ತರ ದಶಕದ ಕೊನೆಗೆ ನಮ್ಮ ಮನೆಯದೂ ಒಂದು ದಾವೆ ಜಿಲ್ಲಾ ಕೋರ್ಟಿನಲ್ಲಿತ್ತು. ಭಾವಕಿಯವರ ಜೊತೆ ಬದುವಿನ ಜಗಳ, ಕೆಳಗಿನ ಕೋರ್ಟಿನಲ್ಲಿ ತೀರದೆ ಅಪೀಲಿಗೆ ಹೋಗಿತ್ತು. ತಾರೀಖಿನ ಹಿಂದಿನ ರಾತ್ರಿಯೇ ಅವ್ವ ಬುತ್ತಿ ಕಟ್ಟಿಡುತ್ತಿದ್ದಳು: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಉಳ್ಳಾಗಡ್ಡಿ. ಸಾಲಿ ಸೂಟಿಯಿದ್ದರೆ ಅಪ್ಪ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಅವನಿಗೆ ಸಹಿ ಬಿಟ್ಟರೆ ಬೇರೆ ಅಕ್ಷರ ಬರುತ್ತಿರಲಿಲ್ಲ. ವಕೀಲರು ಕೊಟ್ಟ ಕಾಗದ ಓದಿ ಹೇಳಲಿಕ್ಕೆ ನಾನು ಬೇಕಿತ್ತು. ನಸುಕಿನಲ್ಲಿ ಮುಧೋಳ, ಅಲ್ಲಿಂದ ಜಮಖಂಡಿ, ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆ ದಾಟಿ ಬಬಲೇಶ್ವರದ ದಾರಿ. ನೂರು ಕಿಲೋಮೀಟರಿಗೂ ಕಡಿಮೆ. ಆದರೆ ಬಸ್ಸು ನಿಂತಲ್ಲೆಲ್ಲ ನಿಂತು, ಬಿಸಿಲೇರುವ ಹೊತ್ತಿಗೆ ಮುಟ್ಟುತ್ತಿತ್ತು. ಬೇಸಿಗೆಯಲ್ಲಿ ಹೊಳೆಯೆಂದರೆ ಉಸುಕು, ಅಲ್ಲೊಂದು ಇಲ್ಲೊಂದು ಮಡು. ಹೊಳೆಯಾಚೆಗೆ ಜೋಳ ಕೊಯ್ದ ಎರಿ ಹೊಲ, ಬಳ್ಳಾರಿ ಜಾಲಿ, ಬಿಸಿಲು. ಆ ಬಯಲಿನಲ್ಲಿ ಊರು ಇನ್ನೂ ದೂರವಿರುವಾಗಲೇ ಗುಮ್ಮಟ ಕಾಣಿಸಿಕೊಳ್ಳುತ್ತಿತ್ತು. ‘ಬಂತು ನೋಡು ಜಿಲ್ಲಾ’ ಎನ್ನುತ್ತಿದ್ದ ಅಪ್ಪ. ಅವನ ಮಟ್ಟಿಗೆ ಅದು ಸುಲ್ತಾನನ ಗೋರಿಯಲ್ಲ, ಕೋರ್ಟು ಹತ್ತಿರ ಬಂತೆಂಬ ಗುರುತು.

ಟಾಂಗಾದ ದುಡ್ಡು ಉಳಿಸಲು ನಾವು ನಡೆಯುತ್ತಿದ್ದೆವು. ಹಾಗಾಗಿ ನನಗೆ ಆ ಊರಿನ ಪರಿಚಯ ಆದದ್ದು ಕಾಲಿನಿಂದ. ಕಮಾನು ಬಾಗಿಲು, ಬುರುಜು, ಪಾಳು ಮಸೀದಿ, ಅದರ ಒತ್ತಿಗೆ ವಕೀಲರ ಮನೆ, ಸ್ಟಾಂಪ್ ಮಾರುವವನ ಮೇಜು, ಅರ್ಜಿ ಬರೆಯುವವರ ಸಾಲು. ಊರಿನವರು ವಿಳಾಸ ಹೇಳುತ್ತಿದ್ದದ್ದೂ ಹಾಗೆಯೇ: ಬಾರಾ ಕಮಾನದ ಹಿಂದೆ, ಗಗನ ಮಹಲಿನ ಎದುರಿಗೆ, ತೋಪಿನ ಬುರುಜಿನ ಬಗಲಿಗೆ. ಕೋರ್ಟಿನಲ್ಲಿ ಹೆಸರು ಕೂಗುವ ತನಕ ಎದ್ದು ಹೋಗುವಂತಿಲ್ಲ, ಕೂಗಿದ ಮೇಲೆ ಎರಡು ನಿಮಿಷದಲ್ಲಿ ಮುಂದಿನ ತಾರೀಖು. ‘ಮತ್ತ ಮುಂದ ಹೋತೇನ್ರಿ ಸಾಹೇಬ್ರ?’ ಎಂದು ಅಪ್ಪ ಕೇಳುವುದು, ವಕೀಲರು ಚೀಟಿ ಬರೆದು ಕೊಡುವುದು. ಅಪೀಲು ವರ್ಷಗಟ್ಟಲೆ ನಡೆಯಿತು. ಕೊನೆಗೆ ಊರಿನ ಹಿರಿಯರೇ ಕೂತು ಬದುವಿನಲ್ಲಿ ಕಲ್ಲು ನೆಡಿಸಿದರು. ಅಷ್ಟೊತ್ತಿಗೆ ಬಸ್ಸಿಗೆ, ಸ್ಟಾಂಪಿಗೆ, ಫೀಗೆ ಹೋದ ಹಣದಲ್ಲಿ ಆ ಬದುವಿನಷ್ಟೇ ಅಗಲದ ಹೊಲ ಕೊಳ್ಳಬಹುದಿತ್ತು ಎಂದು ಅವ್ವ ಬಹಳ ದಿನ ಹೇಳುತ್ತಿದ್ದಳು. ಅವಳ ಲೆಕ್ಕ ಸರಿಯಿತ್ತು.

ಬುತ್ತಿ ಬಿಚ್ಚುತ್ತಿದ್ದದ್ದು ಬಾರಾ ಕಮಾನದಲ್ಲಿ. ಎರಡನೆಯ ಅಲಿ ಆದಿಲಶಹ ತನಗಾಗಿ ಕಟ್ಟಿಸತೊಡಗಿದ ಗೋರಿ ಅದು. 1672ರಲ್ಲಿ ಅವನು ತೀರಿಕೊಂಡ ಮೇಲೆ ಕೆಲಸ ಅಲ್ಲಿಗೇ ನಿಂತಿತು. ಎತ್ತರದ ಕಟ್ಟೆಯ ಮೇಲೆ ಕರಿಗಲ್ಲಿನ ಕಮಾನುಗಳು, ಮೇಲೆ ಸೂರು ಇಲ್ಲ. ಇದು ಮುಗಿದಿದ್ದರೆ ಅಲಿಯ ಅಪ್ಪನ ಗೋಳಗುಮ್ಮಟಕ್ಕಿಂತ ದೊಡ್ಡದಾಗುತ್ತಿತ್ತು, ಅದಕ್ಕೇ ಯಾರೋ ಅವನನ್ನು ಕೊಲ್ಲಿಸಿದರು ಎಂಬ ಕಥೆ ಊರಲ್ಲಿ ನಡೆಯುತ್ತದೆ. ಅಷ್ಟು ದೂರ ಹೋಗಬೇಕಾಗಿಲ್ಲ. ಒಂದು ಕಡೆ ಶಿವಾಜಿ, ಇನ್ನೊಂದು ಕಡೆ ಮೊಗಲರು. ಅಲಿಯ ಕಾಲದಲ್ಲಿ ರಾಜ್ಯ ಸವೆಯುತ್ತಿತ್ತು. ಅವನು ಸತ್ತು ಹದಿನಾಲ್ಕು ವರ್ಷಕ್ಕೆ, 1686ರಲ್ಲಿ, ಔರಂಗಜೇಬ ಬಿಜಾಪುರವನ್ನು ಗೆದ್ದ. ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸಂಕೋಲೆ ತೊಡಿಸಿ ಗಗನ ಮಹಲಿನಲ್ಲಿ ಅವನೆದುರು ನಿಲ್ಲಿಸಿದರೆಂದು ಹೇಳುತ್ತಾರೆ. ಆ ಮಹಲನ್ನು ಮೊದಲನೆಯ ಅಲಿ 1561ರಲ್ಲಿ ಕಟ್ಟಿಸಿದ್ದು. ನಡುವಿನ ಕಮಾನು ಸುಮಾರು 60 ಅಡಿ ಅಗಲ. ನಾನು ಅದನ್ನು ಮೊದಲು ನೋಡಿದಾಗ ಅಪ್ಪ ಹೇಳಿದ್ದು ಇಷ್ಟೇ: ‘ಇಲ್ಲೂ ತಾರೀಖು ನಡಿತಿದ್ವು.’ ದರಬಾರು ನಡೆಯುತ್ತಿದ್ದ ಜಾಗಕ್ಕೆ ಆ ಮಾತು ತಪ್ಪಲ್ಲ.

ಕಚೇರಿಗೂ ಮಹಲಿಗೂ ನಂಟು ಬೆಳೆದದ್ದು ಹೀಗೆ. ಇಂಗ್ಲಿಷರ ಕಾಲದಲ್ಲಿ ಜಿಲ್ಲಾ ಕೇಂದ್ರ ಇದ್ದದ್ದು ಕಲಾದಗಿಯಲ್ಲಿ, ನಮ್ಮ ಲೋಕಾಪುರದ ಆಚೆ ಬಾಗಲಕೋಟೆ ದಾರಿಗೆ. ಗದಗ–ಹೊಟಗಿ ರೈಲು ಹಾದಿ 1884ರಲ್ಲಿ ಬಿಜಾಪುರದ ಮೇಲೆ ಹಾಯ್ದಿತು, ಮರುವರ್ಷ ಜಿಲ್ಲಾ ಕೇಂದ್ರವೂ ಅಲ್ಲಿಗೆ ಹೋಯಿತು. ಸುಲ್ತಾನರ ನಂತರ ಇನ್ನೂರು ವರ್ಷ ಪಾಳು ಬಿದ್ದ ಊರು. ಹೊಸದಾಗಿ ಕಟ್ಟುವುದಕ್ಕಿಂತ ಇದ್ದದ್ದನ್ನು ರಿಪೇರಿ ಮಾಡುವುದು ಅಗ್ಗವೆಂದು ಅರಕಿಲ್ಲೆ ಎಂಬ ಒಳಕೋಟೆಯ ಮಹಲುಗಳನ್ನು ಕಚೇರಿ, ಬಂಗ್ಲೆ ಮಾಡಿಕೊಂಡರು. ಮುಸ್ತಫಾಖಾನ್ ಎಂಬ ಸರದಾರ ದಾರಿಹೋಕರಿಗಾಗಿ ಕಟ್ಟಿಸಿದ್ದ ಸರಾಯಿ ಜಿಲ್ಲಾ ಜೈಲಾಯಿತು. ಮಸೀದಿಗಳಲ್ಲಿ ಡಾಕ್ ಬಂಗ್ಲೆ, ಪೋಸ್ಟಾಫೀಸು ಕೂತವು. 1900ರ ಹೊತ್ತಿಗೆ ವೈಸ್‌ರಾಯ್ ಕರ್ಜನ್ ಅಂಥವನ್ನು ತೆರವು ಮಾಡಿಸಿದ. ಅದು ನ್ಯಾಯವೇ, ದೇವರ ಮನೆಯಲ್ಲಿ ಟಪಾಲು ವಿಂಗಡಿಸುವುದು ಸಲ್ಲದು. ಆದರೆ ಮಹಲುಗಳ ವಿಷಯ ಬೇರೆ. ಜನ ಓಡಾಡುವ ಕಟ್ಟಡಕ್ಕೆ ಸುಣ್ಣ ಬೀಳುತ್ತದೆ, ಸೋರಿದರೆ ಯಾರಾದರೂ ಬೈಯುತ್ತಾರೆ. ಬೀಗ ಹಾಕಿದ ಕಟ್ಟಡಕ್ಕೆ ನೀಲಿ ಫಲಕ ಬಿಟ್ಟರೆ ಗತಿಯಿಲ್ಲ. ಕಚೇರಿಗಳು ಆ ಗೋಡೆಗಳಿಗೆ ಮಾಡಿದ ಹಾನಿಯೂ ಇದೆ: ಮೊಳೆ ಹೊಡೆದದ್ದು, ಕಮಾನಿಗೆ ಇಟ್ಟಿಗೆ ತುಂಬಿ ಕಿಟಕಿ ಇಟ್ಟದ್ದು. ಆದರೂ ಒಂದು ಹಳೆಯ ಊರು ಬದುಕುವುದು ಬಳಕೆಯಿಂದ ಎಂದೇ ನನ್ನ ನಂಬಿಕೆ.

ಅಣ್ಣನ ಮಗ ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದಿ ಈಗ ಇಟಲಿಯಲ್ಲಿದ್ದಾನೆ. ಫ್ಲಾರೆನ್ಸಿನಿಂದ ಸಿಯೆನಾ ಎಂಬ ಊರಿಗೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಿದ್ದನ್ನು ಫೋನಿನಲ್ಲಿ ಹೇಳುತ್ತಿದ್ದ. ‘ಕಾಕಾ, ಇಲ್ಲೂ ಒಂದು ಬಾರಾ ಕಮಾನ ಐತಿ’ ಎಂದ. ಸಿಯೆನಾದವರು ತಮ್ಮ ದೊಡ್ಡ ಇಗರ್ಜಿಯನ್ನು ಇನ್ನೂ ದೊಡ್ಡದು ಮಾಡಲು 1339ರಲ್ಲಿ ಕೈ ಹಾಕಿದರು. 1348ರಲ್ಲಿ ಪ್ಲೇಗು ಬಂತು. ಕೆಲಸ ನಿಂತಿತು, ಅರ್ಧ ಎದ್ದ ಗೋಡೆ ಇವತ್ತಿಗೂ ಹಾಗೇ ಇದೆ. ಬಿಜಾಪುರದ ಹಾಗೆ ಅಲ್ಲಿಯೂ ನೆಲದಡಿಯಲ್ಲಿ ಸುಮಾರು 25 ಕಿಲೋಮೀಟರ್ ಉದ್ದದ ನೀರಿನ ಸುರಂಗಗಳಿವೆ. ನನಗೆ ಹಿಡಿಸಿದ ಸಂಗತಿ ಬೇರೆ: ಹದಿಮೂರನೆಯ ಶತಮಾನದ ಕೊನೆಗೆ ಶುರುವಾದ ಅವರ ಪುರಸಭೆಯ ಅರಮನೆಯಲ್ಲಿ ಇವತ್ತಿಗೂ ಪುರಸಭೆಯೇ ಇದೆ. ನೋಡಲು ಬಂದವರು ಒಂದು ಭಾಗಕ್ಕೆ ಟಿಕೆಟ್ ತೆಗೆಸಿ ಚಿತ್ರ ನೋಡುತ್ತಾರೆ, ಅದೇ ಕಟ್ಟಡದಲ್ಲಿ ಊರಿನ ಕಾರಭಾರ ನಡೆಯುತ್ತದೆ. ಬಿಜಾಪುರಕ್ಕೆ ಆ ಬಗೆಯ ಎಡೆಬಿಡದ ಬಾಳು ಸಿಗಲಿಲ್ಲ. ಕಟ್ಟಿದವರು ಹೋದರು, ಇನ್ನೂರು ವರ್ಷದ ಮೇಲೆ ಬೇರೆಯವರು ಬಂದು ಹೊಕ್ಕರು, ಅವರೂ ಹೋದರು.

ಮುಧೋಳಕ್ಕೂ ಬಿಜಾಪುರಕ್ಕೂ ಇದ್ದ ನಂಟು ಜಿಲ್ಲೆಗಿಂತ ಬಹಳ ಹಳೆಯದು. ಘೋರ್ಪಡೆಯವರು ಆದಿಲಶಾಹಿಯ ಜಹಗೀರದಾರರು. 1648ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಹಿಡಿದುಕೊಟ್ಟವನು ಮುಧೋಳದ ಬಾಜಿ ಘೋರ್ಪಡೆ. ಅದರ ಸೇಡಿಗೆ ಶಿವಾಜಿ ಮುಧೋಳದ ಮೇಲೆ ಬಿದ್ದು ಅವನನ್ನು ಕೊಂದ. ನಮ್ಮ ಸಾಲಿಯ ಪುಸ್ತಕದಲ್ಲಿ ಶಿವಾಜಿಯ ಪಾಠವಿತ್ತು, ಬಿಜಾಪುರದ ಸುಲ್ತಾನರ ಪಾಠವಿತ್ತು. ನಡುವೆ ನಮ್ಮೂರ ಹತ್ತಿರದ ಮುಧೋಳ ಇತ್ತೆಂದು ಯಾವ ಮಾಸ್ತರರೂ ಹೇಳಲಿಲ್ಲ. ಮುಧೋಳವೆಂದರೆ ರನ್ನ, ಮುಧೋಳವೆಂದರೆ ಬೇಟೆ ನಾಯಿ, ಅಷ್ಟಕ್ಕೇ ಮುಗಿಯುತ್ತಿತ್ತು.

ಮಾಸ್ತರರನ್ನು ಪೂರ್ತಿ ದೂರುವಂತೆಯೂ ಇಲ್ಲ. ಹೈಸ್ಕೂಲಿನ ಟ್ರಿಪ್ಪಿನಲ್ಲಿ ನಮ್ಮನ್ನು ಗೋಳಗುಮ್ಮಟಕ್ಕೆ ಕರೆದೊಯ್ದ ಗಣಿತದ ಮಾಸ್ತರರು ಒಳಗೆ ಕೂಗಾಡಲು ಬಿಡುವ ಮೊದಲು ಎಲ್ಲರನ್ನೂ ನಡುವಿನ ಕಟ್ಟೆಯ ಬಳಿ ನಿಲ್ಲಿಸಿ ತಲೆ ಎತ್ತಿಸಿದರು. ಚೌಕ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಿಸುವುದು ಹೇಗೆ ಎಂಬ ಪ್ರಶ್ನೆ ಹಾಕಿದರು. ಗೋಡೆಗಳಿಂದೆದ್ದ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಹೋಗುತ್ತವೆ. ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟರೆ ಆಗುವ ನಕ್ಷತ್ರ ಅಲ್ಲಿ ಮೂಡುತ್ತದೆ. ನಕ್ಷತ್ರದ ನಡುವೆ ಉಳಿದ ಜಾಗ ಹೆಚ್ಚುಕಡಿಮೆ ದುಂಡಗೆ, ಅದರ ಮೇಲೆ ಗುಮ್ಮಟ. ಗುಮ್ಮಟ ಹೊರಕ್ಕೆ ತಳ್ಳುತ್ತದೆ, ಒಳಕ್ಕೆ ಚಾಚಿದ ಆ ಕಟ್ಟಡದ ಭಾರ ಅದನ್ನು ತಡೆದು ಹಿಡಿಯುತ್ತದೆ. ಮಾಸ್ತರರು ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಚೌಕ ಬರೆದು ತೋರಿಸಿದ್ದರು, ಕಾವಲುಗಾರ ಬಂದು ಒರೆಸಲು ಹೇಳಿದ. ಮುಹಮ್ಮದ ಆದಿಲಶಹ 1627ರಿಂದ 1656ರ ತನಕ ಆಳಿದ. ಆ ಕಾಲದ ದೊಡ್ಡ ಭಾಗ ಈ ಕಟ್ಟಡ ಏಳುತ್ತಲೇ ಇತ್ತು. ಗುಮ್ಮಟದ ಹೊರ ಅಗಲ 44 ಮೀಟರ್, ಒಳ ಅಗಲ ಸುಮಾರು 38 ಮೀಟರ್, ಗೋಡೆಯ ದಪ್ಪ ಮೂರು ಮೀಟರ್. ನಡುವೆ ಒಂದು ಕಂಬವಿಲ್ಲ.

ಜಗತ್ತಿನಲ್ಲಿ ಎರಡನೆಯ ದೊಡ್ಡ ಗುಮ್ಮಟ ಎಂದು ಗೈಡುಗಳು ಆಗಲೂ ಹೇಳುತ್ತಿದ್ದರು, ಈಗಲೂ ಹೇಳುತ್ತಾರೆ. ರೋಮಿನ ಪ್ಯಾಂಥಿಯನ್ನಿನ ಒಳ ಅಗಲ 43 ಮೀಟರ್, ಅದು ಸಾವಿರದ ಒಂಬೈನೂರು ವರ್ಷದಷ್ಟು ಹಳೆಯದು. 1436ರಲ್ಲಿ ಮುಗಿದ ಫ್ಲಾರೆನ್ಸಿನದೂ, ಸಂತ ಪೀಟರರ ಇಗರ್ಜಿಯದೂ ಇದಕ್ಕಿಂತ ಅಗಲ. ಈ ಕಟ್ಟಡಕ್ಕೆ ಸುಳ್ಳು ಪಟ್ಟಿಯ ಅಗತ್ಯವಿಲ್ಲ. ಜೋಳ ಬೆಳೆಯುವ ಬರಗಾಲದ ಸೀಮೆಯಲ್ಲಿ ಗಾರೆ, ಇಟ್ಟಿಗೆ, ಕಲ್ಲಿನಿಂದ ಇಷ್ಟು ಎತ್ತಿ ನಿಲ್ಲಿಸಿದರು ಎಂಬುದೇ ಸಾಕಷ್ಟು ದೊಡ್ಡ ಮಾತು.

1997ರಲ್ಲಿ ಜಿಲ್ಲೆ ಒಡೆದಾಗ ನಮ್ಮ ಕಡೆ ಯಾರೂ ಕಣ್ಣೀರು ಹಾಕಲಿಲ್ಲ. ಬಾಗಲಕೋಟೆ ಹತ್ತಿರ. ಮುಂಜಾನೆ ಹೋದವನು ಕೆಲಸ ಮುಗಿಸಿ ಹೊಲಕ್ಕೆ ನೀರು ಹಾಯಿಸುವ ಹೊತ್ತಿಗೆ ಮನೆಯಲ್ಲಿರುತ್ತಾನೆ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಭಾಗ ಹೋಗಿ, ಅದಕ್ಕಾಗಿ ಕಟ್ಟಿದ ನವನಗರದಲ್ಲಿ ಕಚೇರಿಗಳು ಬಂದವು: ನೇರ ರಸ್ತೆ, ನಂಬರು ಹಾಕಿದ ಸೆಕ್ಟರು. ಅಲ್ಲಿ ಯಾರೂ ಕಮಾನಿನ ಗುರುತು ಹೇಳಿ ವಿಳಾಸ ತೋರಿಸುವುದಿಲ್ಲ. ಸುಲಭವಾಯಿತು, ಒಳ್ಳೆಯದಾಯಿತು. ಆದರೆ ಅಂದಿನಿಂದ ತಿಮ್ಮಾಪುರದ ಮಂದಿಗೆ ಬಿಜಾಪುರದಲ್ಲಿ ಕೆಲಸವಿಲ್ಲದಂತಾಯಿತು. ನಮ್ಮ ಮಕ್ಕಳು ಒಮ್ಮೆ ಟ್ರಿಪ್ಪಿಗೆ ಹೋಗಿ ಬಂದರು, ಅಷ್ಟೇ. ಬಸ್ಸಿನ ಲೆಕ್ಕದಲ್ಲೂ ಎರಡು ಊರು ಬೇರೆಯಾದವು. ನಮ್ಮದು ವಾಯವ್ಯ ಕರ್ನಾಟಕ ಸಾರಿಗೆ, ಅವರದು ಈಗ ಕಲ್ಯಾಣ ಕರ್ನಾಟಕ ಸಾರಿಗೆ.

ಮತ್ತೆ ಬಿಜಾಪುರಕ್ಕೆ ಹೋಗುವಂತೆ ಮಾಡಿದವಳು ಅಕ್ಕ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವಳು, ಅವಳ ಓಣಿಯ ಹೆಂಗಸರು ನೋಡದ ಊರಿಲ್ಲ. ಅಪ್ಪ ಅಷ್ಟು ಸಲ ಹೋಗಿ ಬಂದರೂ ಅವ್ವ ಬಿಜಾಪುರ ಕಂಡದ್ದಿಲ್ಲ, ಅಕ್ಕನೂ ಕಂಡಿರಲಿಲ್ಲ. ಕೋರ್ಟಿಗೆ ಹೆಂಗಸರನ್ನು ಯಾರು ಕರೆದೊಯ್ಯುತ್ತಿದ್ದರು? ಬುತ್ತಿ ಕಟ್ಟಿದವರು ಊರು ನೋಡಲಿಲ್ಲ. ‘ತಮ್ಮಾ, ನೀ ಬಾ, ನಿನಗ ಊರು ಗೊತ್ತೈತಿ’ ಎಂದು ಅಕ್ಕ ಫೋನು ಮಾಡಿದಳು. ಜೊತೆಗೆ ಅವಳ ಮೊಮ್ಮಗಳು, ಒಂಬತ್ತನೆಯ ಇಯತ್ತೆ. ಬಸ್ಸಿನಲ್ಲಿ ದುಡ್ಡು ಕೊಟ್ಟು ಟಿಕೆಟ್ ತೆಗೆಸಿದವನು ನಾನೊಬ್ಬನೇ.

ಚಿಕ್ಕಪಡಸಲಗಿಯಲ್ಲಿ ಹೊಳೆ ತುಂಬಿತ್ತು. 1989ರಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು ಇಲ್ಲಿ ಬ್ಯಾರೇಜು ಕಟ್ಟಿದರು. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. ಅದರ ಹೆಸರಿನ ಬಲದಿಂದಲೇ ಅವರು 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಹೊಳೆಯಾಚೆಯ ಆ ಜಾಲಿ ಬಯಲು ಈಗಿಲ್ಲ. ಜಮಖಂಡಿ ತಾಲೂಕಿನ ತುಬಚಿಯಿಂದ ಎತ್ತಿದ ನೀರು ಬಬಲೇಶ್ವರದ ಕಡೆ ಹೋಗುತ್ತದೆ. ಕಬ್ಬು, ದ್ರಾಕ್ಷಿ, ಲಿಂಬೆ. ಊರ ಹೊರಗಿನ ಕಟ್ಟಡಗಳು ಬೆಳೆದು ಗುಮ್ಮಟ ಕಾಣುವುದೂ ತಡವಾಯಿತು. ಕಂಡಾಗ ‘ಬಂತು ನೋಡು ಜಿಲ್ಲಾ’ ಎನ್ನುವವರು ಬಸ್ಸಿನಲ್ಲಿ ಯಾರೂ ಇರಲಿಲ್ಲ.

ಗೋಳಗುಮ್ಮಟದ ಒಳಗೆ ಸೋಮವಾರ ಸಂತೆಯ ಗದ್ದಲ. ಪಿಸುಗುಟ್ಟಿದರೆ ಆಚೆ ಗೋಡೆಗೆ ಕೇಳಿಸುವ ಗ್ಯಾಲರಿಯಲ್ಲಿ ಎಲ್ಲರೂ ಒಟ್ಟಿಗೆ ಕಿರಿಚಿದರೆ ಏನು ಕೇಳಿಸೀತು? ಟಿಕೆಟ್ ಕೊಟ್ಟ ಪ್ರತಿಯೊಬ್ಬನೂ ತನ್ನ ಕೂಗಿನ ಮರುಕೂಗು ಕೇಳಿಯೇ ಇಳಿಯಬೇಕೆಂದು ಹಟ ಹಿಡಿದಿದ್ದಾನೆ. ದಿನಕ್ಕೆ ಒಂದು ಗಂಟೆಯಾದರೂ ಮೌನದ ಹೊತ್ತು ಇಟ್ಟು, ಆಗ ಹತ್ತು ಹತ್ತು ಮಂದಿಯನ್ನು ಮೇಲೆ ಬಿಟ್ಟರೆ ಆ ಕಟ್ಟಡದ ಬೆರಗು ಜನಕ್ಕೆ ಸಿಕ್ಕೀತು. ಮೆಟ್ಟಿಲುಗಳ ಗೋಡೆಯ ಮೇಲೆ ಕೆತ್ತಿದ ಹೆಸರುಗಳು ಅಂದಿಗಿಂತ ಹೆಚ್ಚಾಗಿವೆ. ನಾನು ಮೊಮ್ಮಗಳನ್ನು ನಡುವಿನ ಕಟ್ಟೆಯ ಬಳಿ ನಿಲ್ಲಿಸಿ ಎಂಟು ಕಮಾನು ಎಣಿಸು ಎಂದೆ. ಅವಳು ಎಣಿಸಿದಳು, ಆಮೇಲೆ ಮೊಬೈಲಿನಲ್ಲಿ ಎರಡು ಚೌಕ ಗೀಚಿ ನನಗೇ ತೋರಿಸಿದಳು. ‘ಮುತ್ಯಾ, ಹಿಂಗ?’ ಮಾಸ್ತರರು ಇದ್ದಿದ್ದರೆ ಹಿಗ್ಗುತ್ತಿದ್ದರು.

ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಅಕ್ಕ ಬಹಳ ಹೊತ್ತು ನಿಂತಳು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, 55 ಟನ್ ಭಾರ, ಬಾಯಿಯ ಕಡೆ ಆನೆಯನ್ನು ನುಂಗುವ ಸಿಂಹದ ಮುಖ. ಪರಾಂಡಾ ಕೋಟೆಯಿಂದ 1632ರಲ್ಲಿ ಅದನ್ನು ಎಳೆದು ತರಲು ಹತ್ತು ಆನೆ, ನಾನೂರು ಎತ್ತು, ನೂರಾರು ಆಳು ಬೇಕಾದವಂತೆ. 1854ರಲ್ಲಿ ಇಂಗ್ಲಿಷರು ಅದನ್ನು ಹರಾಜಿಗೆ ಹಾಕಿದಾಗ ಬಂದ ಸವಾಲು 150 ರೂಪಾಯಿ. ಆಮೇಲೆ ಹರಾಜು ರದ್ದಾಯಿತು, ಅದರಿಂದ ತೋಪು ಉಳಿಯಿತು. ‘ನಾನೂರು ಎತ್ತಿಗೆ ಮೇವು ಎಲ್ಲಿಂದ ತಂದ್ರು?’ ಎಂದು ಅಕ್ಕ ಕೇಳಿದಳು. ಒಕ್ಕಲತನ ಮಾಡಿದವರು ಕೇಳುವ ಈ ಪ್ರಶ್ನೆಗೆ ಫಲಕದಲ್ಲಿ ಉತ್ತರವಿಲ್ಲ. ಆ ಮೇವು ನಮ್ಮಂಥವರ ಹೊಲದ್ದೇ ಇರಬೇಕು.

ಇಬ್ರಾಹಿಂ ರೋಜಾ ಚೆಲುವಿನದು, ಅದರ ಬಗ್ಗೆ ಬರೆದವರು ಬಹಳ. ನಾನು ಹೇಳಬೇಕಾದ್ದು ತಾಜ್ ಬಾವಡಿಯ ಮಾತು. ಎರಡನೆಯ ಇಬ್ರಾಹಿಂನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ ಮಲಿಕ್ ಸಂದಲ್ ಎಂಬವನು 1620ರಲ್ಲಿ ಕಟ್ಟಿಸಿದ್ದು. ಎರಡು ಬದಿಗೆ ಗೋಪುರ, ನಡುವೆ ದೊಡ್ಡ ಕಮಾನು, ಕಮಾನಿನ ಕೆಳಗೆ ನೀರಿಗಿಳಿಯುವ ಮೆಟ್ಟಿಲು, ಸುತ್ತ ದಾರಿಹೋಕರು ತಂಗುವ ಕೋಣೆಗಳು. ಊರಿಗೆ ನೀರು ಬರುತ್ತಿದ್ದದ್ದು ತೊರವಿಯ ಕಡೆಯಿಂದ, ನೆಲದಡಿಯ ಸುರಂಗದಲ್ಲಿ. ಅದಕ್ಕೆ ಕಾರೇಜ್ ಎನ್ನುತ್ತಾರೆ, ಪರ್ಷಿಯಾದ ವಿದ್ಯೆ. 1651ರಲ್ಲಿ ಮುಹಮ್ಮದ ಆದಿಲಶಹ ದಕ್ಷಿಣಕ್ಕೆ ಬೇಗಂ ತಲಾಬ ಕಟ್ಟಿಸಿ ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ತಂದ. ದಾರಿಯಲ್ಲಿ ನೀರಿನ ಒತ್ತಡ ಕೊಳವೆ ಒಡೆಯದಂತೆ ತಡೆಯಲು ಅಲ್ಲಲ್ಲಿ ಎತ್ತರದ ಗಂಜುಗಳನ್ನು ಕಟ್ಟಿದರು. ಆ ಗಂಜುಗಳು ಈಗಲೂ ಓಣಿಗಳಲ್ಲಿ ನಿಂತಿವೆ, ಯಾವುದಕ್ಕೆಂದು ಕೇಳಿದರೆ ಹೇಳುವವರು ಕಡಿಮೆ. ಗುಮ್ಮಟಕ್ಕಿಂತ ಇದೇ ದೊಡ್ಡ ಸಾಧನೆಯೆಂದು ನನಗೆ ಅನಿಸುತ್ತದೆ. ಮಳೆಯಿಲ್ಲದ ನೆಲದಲ್ಲಿ ರಾಜಧಾನಿ ನಿಂತದ್ದು ನೀರಿನ ಮೇಲೆ. ಕೆಲ ವರ್ಷಗಳ ಹಿಂದೆ ಹಳೆ ಬಾವಡಿಗಳ ಹೂಳು, ಕಸ ತೆಗೆಸಿದರು. ಆ ಕೆಲಸ ಒಂದು ಸಲ ಮಾಡಿ ಬಿಡುವಂಥದ್ದಲ್ಲ, ವರ್ಷ ವರ್ಷವೂ ಆಗಬೇಕು. ಊರು ಈಗ ಕುಡಿಯುವುದು ಕೊಲ್ಹಾರದಿಂದ ಬರುವ ಕೃಷ್ಣೆಯ ನೀರು. ನಲ್ಲಿಯಲ್ಲಿ ನೀರು ಬಂದ ಊರು ಬಾವಡಿಯನ್ನು ಮರೆತರೆ, ಬೇಸಿಗೆಗೆ ಹೊಳೆ ತಳ ಕಂಡಾಗ ಏನು ಮಾಡುತ್ತದೆ ಎಂಬುದನ್ನು ನಾವು ಹೊಳೆಸಾಲಿನವರು ಕೇಳಬೇಕು. ನಾವು ಕಬ್ಬಿಗೆ ಎತ್ತುವುದೂ ಅದೇ ನೀರನ್ನೇ.

ಅಲ್ಲಿಂದ ಫ. ಗು. ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರಕ್ಕೆ ಹೋದೆವು. ಪ್ರವಾಸಿಗರ ಪಟ್ಟಿಯಲ್ಲಿ ಇದು ಇರುವುದಿಲ್ಲ. ಹಳಕಟ್ಟಿಯವರು ಬಿಜಾಪುರದ ಕೋರ್ಟಿನಲ್ಲಿ ವಕೀಲಿ ಮಾಡಿದವರು. ನಮ್ಮ ರಬಕವಿಯಲ್ಲಿ ವಚನದ ತಾಳೆಗರಿ ಕಟ್ಟುಗಳನ್ನು ಕಂಡವರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು, ಛಾಪಖಾನೆಗಾಗಿ ಮನೆ ಮಾರಿದರು. ಬಸವಣ್ಣನ ಮಾತು ಇವತ್ತು ನಮ್ಮ ಮೊಮ್ಮಕ್ಕಳ ಪಠ್ಯದಲ್ಲಿದ್ದರೆ ಅದರ ಹಿಂದೆ ಬಿಜಾಪುರದ ಆ ವಕೀಲರ ದುಡಿಮೆಯಿದೆ. ಅದೇ ಸಂಸ್ಥೆ ಆದಿಲಶಾಹಿ ಕಾಲದ ಪಾರ್ಸಿ, ದಖನಿ ಗ್ರಂಥಗಳನ್ನೂ ಕನ್ನಡಕ್ಕೆ ತರಿಸಿದೆ. ಶರಣರ ಮಾತನ್ನೂ ಸುಲ್ತಾನರ ಚರಿತ್ರೆಯನ್ನೂ ಒಂದೇ ಕಪಾಟಿನಲ್ಲಿಟ್ಟ ಊರಿದು. ದಿನದ ಪ್ರವಾಸದಲ್ಲಿ ಇದಕ್ಕೆ ಅರ್ಧ ತಾಸು ಕೊಡದಿದ್ದರೆ ಬಿಜಾಪುರ ನೋಡಿದಂತಾಗುವುದಿಲ್ಲ.

ಅಕ್ಕನಿಗೆ ಮುಖ್ಯವಾಗಿದ್ದದ್ದು ಜ್ಞಾನಯೋಗಾಶ್ರಮ. ಅಲ್ಲಿನ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ಲಿಂಗೈಕ್ಯರಾದಾಗ ನಮ್ಮ ಹಳ್ಳಿಗಳಿಂದ ರಾತ್ರೋರಾತ್ರಿ ಟ್ರ್ಯಾಕ್ಟರುಗಳು ಹೊರಟಿದ್ದವು. ತಮಗೆ ಸಮಾಧಿ, ಸ್ಮಾರಕ ಯಾವುದೂ ಬೇಡವೆಂದು ಅವರು ಮೊದಲೇ ಬರೆದಿಟ್ಟಿದ್ದರು. ಬದುಕಿರುವಾಗಲೇ ಗೋರಿ ಕಟ್ಟಿಸಿಕೊಂಡ ದೊರೆಗಳ ಊರಿನಲ್ಲಿ ಆ ಕಾಗದ ಬರೆದರು. ಅಕ್ಕ ಅಲ್ಲಿ ಪ್ರಸಾದ ತಗೊಂಡು ಅಂಗಳದಲ್ಲಿ ಕೂತಳು, ಏಳಿಸುವುದೇ ಕಷ್ಟವಾಯಿತು.

ಬಸ್ ಸ್ಟ್ಯಾಂಡಿಗೆ ಬರುವಾಗ ಹಳೆಯ ಕೋರ್ಟಿನ ದಾರಿ ತೋರಿಸು ಎಂದಳು. ಅಪ್ಪ ಕೂರುತ್ತಿದ್ದ ಕಟ್ಟೆ ಎಲ್ಲಿತ್ತೆಂದು ಹುಡುಕಿದೆ. ಹೊಸ ಗೋಡೆಗಳು, ಪಾರ್ಕಿಂಗು, ಝೆರಾಕ್ಸ್ ಅಂಗಡಿ. ಆದರೆ ಅಲ್ಲಿನ ಜನ ಬದಲಾಗಿರಲಿಲ್ಲ: ಧೋತರ ಉಟ್ಟವರು, ಕೈಯಲ್ಲಿ ಪ್ಲಾಸ್ಟಿಕ್ ಚೀಲದ ಕಾಗದ, ಮುಖ ಬಾಗಿಲ ಕಡೆ. ಇಂಡಿ, ಸಿಂದಗಿ, ಮುದ್ದೇಬಿಹಾಳದವರು ಇರಬೇಕು. ಅವರಿಗೆ ಇದು ಇನ್ನೂ ಜಿಲ್ಲಾ ಊರು. ಅಕ್ಕ ಒಬ್ಬ ಮುದುಕನನ್ನು ‘ಯಾವ ಊರ್ರೀ ಯಪ್ಪಾ?’ ಎಂದು ಮಾತಾಡಿಸಿದಳು. ತಾರೀಖು ಮುಂದೆ ಹೋಗಿದೆ ಎಂದು ಅವನು ಹೇಳಿದ.

ಜಮಖಂಡಿ ಬಸ್ಸಿನಲ್ಲಿ ಮೂವರಿಗೂ ಸೀಟು ಸಿಕ್ಕಿತು. ತೊರವಿಯ ಸುರಂಗದ ಬಾಯಿ ಈಗಲೂ ಕಾಣುತ್ತದೆಯೇ ಎಂದು ಮೊಮ್ಮಗಳು ಕೇಳಿದಳು. ತೊರವಿಯಲ್ಲಿ ನರಸಿಂಹನ ಗುಡಿಯೂ ಇದೆ, ತೊರವೆ ರಾಮಾಯಣದ ಊರು ಅದೇ ಎಂದೆ. ದೀಪಾವಳಿ ಸೂಟಿಯಲ್ಲಿ ಮೊದಲು ಅಲ್ಲಿಗೇ ಹೋಗಿ, ನೀರಿನ ಹಾದಿ ಹಿಡಿದು ಊರೊಳಗೆ ಬರೋಣ, ಗುಮ್ಮಟ ಕೊನೆಗೆ ಎಂದು ಗೊತ್ತು ಮಾಡಿದೆವು. ‘ನಸುಕಿನ ಬಸ್ಸಿಗೆ ಹೋಗೂಣು, ರೊಟ್ಟಿ ನಾ ತರ್ತೀನಿ’ ಎಂದಳು ಅಕ್ಕ.